ಕಟ್ಟುಹಲ್ಲು ಡಬ್ಬಿ ಸೇರದಿರಲಿ: ಅಳತೆಯಿಂದ ಅಭ್ಯಾಸದವರೆಗೆ

ಎಷ್ಟೋ ಮನೆಗಳಲ್ಲಿ ಹಿರಿಯರ ಕಟ್ಟುಹಲ್ಲು ಕಪಾಟಿನೊಳಗಿನ ಡಬ್ಬಿಯಲ್ಲೇ ಇರುತ್ತದೆ. ದುಡ್ಡು ಕೊಟ್ಟು ಮಾಡಿಸಿದ್ದು, ನಾಲ್ಕು ದಿನ ಹಾಕಿಕೊಂಡು ಚುಚ್ಚುತ್ತದೆಂದು ತೆಗೆದಿಟ್ಟದ್ದು, ಈಗ ಮದುವೆ ಮುಂಜಿಗೆ ಹೋಗುವಾಗ ಮಾತ್ರ ಹೊರಬರುವುದು. ಮಾಡಿದವರ ಕೆಲಸ ಸರಿಯಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಬಹಳ ಸಲ ಎಡವಟ್ಟಾಗುವುದು ಬೇರೆ ಕಡೆ. ಹಲ್ಲು ಕೈಗೆ ಬಂದ ದಿನ ಚಿಕಿತ್ಸೆ ಮುಗಿಯಿತು ಎಂದು ಮನೆಯವರು ತಿಳಿಯುತ್ತಾರೆ. ವೈದ್ಯರ ಲೆಕ್ಕದಲ್ಲಿ ಅಂದು ಇನ್ನೂ ಸರಿಪಡಿಸುವ ಹಂತ ಆರಂಭವಾಗಿರುತ್ತದೆ ಅಷ್ಟೆ. ಆ ಹಂತವನ್ನು ಬಿಟ್ಟುಬಿಟ್ಟರೆ ಎಂಥ ಒಳ್ಳೆಯ ಕಟ್ಟುಹಲ್ಲೂ ಡಬ್ಬಿಗೇ ಸೇರುತ್ತದೆ. ಹಲ್ಲು ಕಟ್ಟಿಸಿಕೊಳ್ಳಬೇಕೆಂದಿರುವವರು ಮತ್ತು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಇಬ್ಬರಿಗೂ ಈ ಬರಹ.

ಮೊದಲು, ಬಾಯಿಯೊಳಗೆ ಏನಾಗಿದೆ

ದವಡೆಯಲ್ಲಿ ಹಲ್ಲು ಕೂತಿದ್ದ ಮೂಳೆಯ ದಿಬ್ಬ ಹಲ್ಲಿಗಾಗಿಯೇ ಇರುವಂಥದ್ದು. ಹಲ್ಲು ಕಿತ್ತ ಮೇಲೆ ಅದು ಕರಗತೊಡಗುತ್ತದೆ. ಮೊದಲ ಕೆಲವು ತಿಂಗಳಲ್ಲಿ ಬೇಗ ಬೇಗ, ವರ್ಷ ಕಳೆದ ಮೇಲೆ ನಿಧಾನವಾಗಿ, ಆದರೆ ಬದುಕಿರುವಷ್ಟು ಕಾಲವೂ ಕರಗುತ್ತಲೇ ಇರುತ್ತದೆ. ಕಟ್ಟುಹಲ್ಲು ಹಾಕಿಕೊಳ್ಳುವವರನ್ನು 25 ವರ್ಷಗಳವರೆಗೆ ಗಮನಿಸಿದ ಒಂದು ಪ್ರಸಿದ್ಧ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಮುಂಭಾಗದಲ್ಲಿ ಕೆಳದವಡೆಯ ಎತ್ತರ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಇಳಿದಿತ್ತು. ವರ್ಷಗಟ್ಟಲೆ ಬೊಚ್ಚುಬಾಯಿಯಲ್ಲಿದ್ದವರ ತುಟಿ ಒಳಕ್ಕೆ ಹೋಗಿ ಗದ್ದ ಮೂಗಿನ ಕಡೆಗೆ ಬಂದಂತೆ ಕಾಣುವುದು ಹಲ್ಲಿನ ಆಸರೆಯ ಜೊತೆಗೆ ಈ ಮೂಳೆಯೂ ಹೋದದ್ದರಿಂದ.

ಮೇಲಿನ ಸೆಟ್ಟು ಅಂಗುಳವನ್ನೆಲ್ಲ ಮುಚ್ಚುತ್ತದೆ. ಅಂಗುಳಕ್ಕೂ ಅದಕ್ಕೂ ನಡುವೆ ಎಂಜಲಿನ ತೆಳುವಾದ ಪದರ ಇರುತ್ತದೆ. ಒದ್ದೆಯಾದ ಎರಡು ಗಾಜಿನ ಹಲಗೆಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ ಅದು ಹಿಡಿದುಕೊಳ್ಳುತ್ತದೆ. ಅಂಚಿನಲ್ಲಿ ಗಾಳಿ ನುಗ್ಗದಿದ್ದರೆ ಹಿಡಿತ ಇನ್ನೂ ಗಟ್ಟಿ. ಕೆಳಗಿನ ಸೆಟ್ಟಿಗೆ ಈ ಅನುಕೂಲವಿಲ್ಲ. ಅದು ಲಾಳದ ಆಕಾರದ ಕಿರಿದಾದ ಪಟ್ಟಿ. ನಡುವೆ ನಾಲಿಗೆ, ಸುತ್ತ ಕೆನ್ನೆ ತುಟಿಗಳು. ಮಾತಾಡಿದಾಗ, ನುಂಗಿದಾಗ, ಆಕಳಿಸಿದಾಗ ಎಲ್ಲವೂ ಅದನ್ನು ಎತ್ತುತ್ತವೆ. ಸಾಮಾನ್ಯ ಕಟ್ಟುಹಲ್ಲಿನಲ್ಲಿ ಕೆಳಗಿನದೂ ಮೇಲಿನದರಷ್ಟೇ ಬಿಗಿಯಾಗಿ ಕೂರುತ್ತದೆಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಅಗಿಯುವ ಬಲವೂ ಹುಟ್ಟುಹಲ್ಲಿನ ಕಾಲು ಭಾಗದ ಆಸುಪಾಸಿನಲ್ಲಿ ಇರುತ್ತದೆ. ಇದನ್ನು ಮೊದಲೇ ತಿಳಿದು ಹೋದವರು ನಿರಾಶೆಯಿಂದ ಹಿಂದೆ ಸರಿಯುವುದು ಕಡಿಮೆ.

ಉಳಿದ ಹಲ್ಲುಗಳನ್ನು ಅವಸರದಲ್ಲಿ ಕೀಳಿಸಬೇಡಿ

"ಹೇಗೂ ನಾಲ್ಕೇ ಉಳಿದಿವೆ, ಎಲ್ಲ ತೆಗೆದು ಪೂರ್ತಿ ಸೆಟ್ಟು ಹಾಕಿಬಿಡಿ" ಎಂದು ಮನೆಯವರೇ ಹೇಳುವುದುಂಟು. ದಯವಿಟ್ಟು ಹಾಗೆ ಹೇಳಬೇಡಿ. ಕೆಳದವಡೆಯಲ್ಲಿ ಎರಡು ಕೋರೆಹಲ್ಲುಗಳು ಅಲುಗಾಡದೆ ಉಳಿದಿದ್ದರೂ ಅವು ಬಹಳ ಬೆಲೆಬಾಳುತ್ತವೆ. ಅವುಗಳ ಬೇರಿಗೆ ಚಿಕಿತ್ಸೆ ಮಾಡಿ, ಮೇಲಿನ ಭಾಗವನ್ನು ವಸಡಿನ ಸಮೀಪಕ್ಕೆ ತಗ್ಗಿಸಿ, ಅದರ ಮೇಲೆ ಕಟ್ಟುಹಲ್ಲು ಕೂರಿಸುವ ವಿಧಾನವಿದೆ. ಬೇರು ಒಳಗೇ ಇರುವುದರಿಂದ ಸುತ್ತಲಿನ ಮೂಳೆ ಕರಗುವುದು ನಿಧಾನವಾಗುತ್ತದೆ, ಹಿಡಿತವೂ ಹೆಚ್ಚುತ್ತದೆ. ಎಲ್ಲರಿಗೂ ಇದು ಸಾಧ್ಯವಾಗದು. ಆದರೆ ಕೀಳುವ ಮುನ್ನ "ಯಾವುದನ್ನಾದರೂ ಉಳಿಸಬಹುದೇ" ಎಂದು ವೈದ್ಯರನ್ನು ಕೇಳುವುದು ನಿಮ್ಮ ಹಕ್ಕು.

ಕೆಲವು ಹಲ್ಲುಗಳು ಗಟ್ಟಿಯಾಗಿದ್ದರೆ ತೆಗೆದು ಹಾಕುವ ಭಾಗಶಃ ಸೆಟ್ಟು ಸಾಕು. ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು ಎಲ್ಲಕ್ಕಿಂತ ಅಗ್ಗ. ಆದರೆ ಅದರ ಭಾರವೆಲ್ಲ ವಸಡಿನ ಮೇಲೆ ಬೀಳುತ್ತದೆ, ಕಾಲಕ್ರಮೇಣ ಅದು ಕುಸಿಯುತ್ತದೆ. ಕೋಬಾಲ್ಟ್ ಕ್ರೋಮಿಯಂ ಎರಕದ ಚೌಕಟ್ಟಿನದು ತೆಳ್ಳಗಿರುತ್ತದೆ, ಅಗಿಯುವ ಒತ್ತಡವನ್ನು ಉಳಿದ ಹಲ್ಲುಗಳಿಗೂ ಹಂಚುತ್ತದೆ. ಹಲವು ವರ್ಷ ಬಳಸುವುದಾದರೆ ನನ್ನ ಮತ ಅದಕ್ಕೇ. ಬಾಗುವ ನೈಲಾನ್‌ ಸೆಟ್ಟು ನೋಡಲು ಚೆಂದ, ಲೋಹದ ಕೊಂಡಿ ಕಾಣುವುದಿಲ್ಲ. ಮುರಿದರೆ ಅಥವಾ ಸಡಿಲವಾದರೆ ಸರಿಪಡಿಸುವುದು ಕಷ್ಟ ಎಂಬುದನ್ನು ಕೊಳ್ಳುವ ಮುಂಚೆಯೇ ತಿಳಿದಿರಬೇಕು. ಕಳಚದ ಬ್ರಿಡ್ಜ್‌ ಬೇಕೆಂದರೆ, ಅದು ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲೇ ನಿಲ್ಲುವುದರಿಂದ, ಆ ಒಳ್ಳೆಯ ಹಲ್ಲುಗಳನ್ನು ಅರೆಯಬೇಕಾಗುತ್ತದೆ.

ಇನ್ನು ಇಂಪ್ಲಾಂಟ್‌. ದವಡೆಯ ಮೂಳೆಯಲ್ಲಿ ಟೈಟಾನಿಯಂ ತಿರುಪನ್ನು ನೆಟ್ಟು, ಮೂಳೆ ಅದಕ್ಕೆ ಬೆಸೆದುಕೊಂಡ ಮೇಲೆ ಹಲ್ಲು ಕೂರಿಸುತ್ತಾರೆ. ಪೂರ್ತಿ ಬಾಯಿಗೆ ಇಂಪ್ಲಾಂಟ್ ಹಾಕಿಸುವ ಶಕ್ತಿ ಹೆಚ್ಚಿನ ಮನೆಗಳಿಗಿಲ್ಲ. ಆದರೆ ಕೆಳದವಡೆಯಲ್ಲಿ ಎರಡೇ ಇಂಪ್ಲಾಂಟ್ ಹಾಕಿ, ಅದಕ್ಕೆ ಗುಂಡಿಯಂತೆ ಸಿಕ್ಕಿಕೊಳ್ಳುವ ಸೆಟ್ಟು ಮಾಡಿಸಿದರೂ ಕೆಳಗಿನ ಹಲ್ಲು ಕುಣಿಯುವ ತೊಂದರೆ ಬಹುಮಟ್ಟಿಗೆ ನೀಗುತ್ತದೆ. 2002ರಲ್ಲಿ ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಪೂರ್ತಿ ಹಲ್ಲಿಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕೆಂದು ಒಮ್ಮತದ ಹೇಳಿಕೆ ಕೊಟ್ಟರು. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಬೆಳ್ಳಗೆ ಹೊಳೆಯುವ ದುಬಾರಿ ಹಲ್ಲುಗಳಿಗಿಂತ ಈ ಎರಡು ಇಂಪ್ಲಾಂಟ್‌ಗಳಿಗೆ ಖರ್ಚು ಮಾಡುವುದು ಒಳ್ಳೆಯದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಮೂಳೆ ಸವೆತಕ್ಕೆ ಔಷಧಿ ಅಥವಾ ಚುಚ್ಚುಮದ್ದು ಪಡೆಯುತ್ತಿರುವವರು, ಬಾಯಿ ಕುತ್ತಿಗೆಯ ಭಾಗಕ್ಕೆ ವಿಕಿರಣ ಚಿಕಿತ್ಸೆ ಆದವರು ಅದನ್ನು ಮರೆಮಾಚದೆ ಹೇಳಬೇಕು. ಇಂಪ್ಲಾಂಟ್‌ಗೆ ಮಾತ್ರವಲ್ಲ, ಒಂದು ಹಲ್ಲು ಕೀಳುವುದಕ್ಕೂ ಇದು ಮುಖ್ಯ.

ಎಲ್ಲಿಗೆ ಹೋಗುವುದು

ಸಂತೆಯಲ್ಲಿ, ಬಸ್ ನಿಲ್ದಾಣದ ಪಕ್ಕದಲ್ಲಿ ಒಂದೇ ದಿನದಲ್ಲಿ ಹಲ್ಲು ಕೂರಿಸಿಕೊಡುವವರು ಇಂದಿಗೂ ಇದ್ದಾರೆ. ಅಕ್ರಿಲಿಕ್ಕನ್ನು ಬಾಯಿಯೊಳಗೇ ಮೆತ್ತಿ, ತಂತಿಯಿಂದ ಪಕ್ಕದ ಹಲ್ಲಿಗೆ ಬಿಗಿದುಬಿಡುತ್ತಾರೆ. ತೆಗೆದು ತೊಳೆಯಲು ಬರುವುದಿಲ್ಲ. ಅನ್ನದಗುಳು ಅಡಿಯಲ್ಲಿ ಸೇರಿ ಕೊಳೆಯುತ್ತದೆ, ವಸಡು ಕೀವುಗಟ್ಟುತ್ತದೆ, ಗಟ್ಟಿಯಾಗಿದ್ದ ಪಕ್ಕದ ಹಲ್ಲೂ ಹೋಗುತ್ತದೆ. ಕಾನೂನಿನ ಪ್ರಕಾರ ನೋಂದಣಿಯಾದ ದಂತವೈದ್ಯರು ಮಾತ್ರ ಈ ವೃತ್ತಿ ಮಾಡಬೇಕು. ಬಿಡಿಎಸ್ ಓದಿದ ದಂತವೈದ್ಯರು ಕಟ್ಟುಹಲ್ಲು ಮಾಡುತ್ತಾರೆ. ಮೂಳೆ ತೀರಾ ಕರಗಿದ್ದರೆ ಅಥವಾ ಹಳೆಯ ಸೆಟ್ಟು ಎರಡು ಸಲ ವಿಫಲವಾಗಿದ್ದರೆ ಈ ವಿಷಯದಲ್ಲೇ ಎಂಡಿಎಸ್ ಮಾಡಿದ ಪ್ರಾಸ್ಥೊಡಾಂಟಿಸ್ಟ್ ಬಳಿಗೆ ಹೋಗುವುದು ಮೇಲು.

ದುಡ್ಡಿನ ಚಿಂತೆಯಿದ್ದರೆ ದಂತ ವೈದ್ಯಕೀಯ ಕಾಲೇಜುಗಳನ್ನು ನೋಡಿ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಧಾರವಾಡ, ದಾವಣಗೆರೆ, ಬೆಳಗಾವಿ, ಮೈಸೂರು, ಮಣಿಪಾಲ, ಮಂಗಳೂರು, ಬಳ್ಳಾರಿ ಕಡೆಯವರಿಗೆ ಹತ್ತಿರದಲ್ಲೇ ಕಾಲೇಜುಗಳಿವೆ. ಅಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ಪ್ರತಿ ಹಂತವನ್ನೂ ಅಧ್ಯಾಪಕರು ಪರೀಕ್ಷಿಸಿ ಮುಂದಕ್ಕೆ ಬಿಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಅವಸರವಿಲ್ಲದ ಆ ಕೆಲಸವನ್ನು ನಾನು ಮೆಚ್ಚುತ್ತೇನೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಕಟ್ಟುಹಲ್ಲು ಕೊಡಲು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದದ್ದೂ ಈ ಕಾಲೇಜುಗಳ ಮೂಲಕವೇ. ಈಗ ವಯಸ್ಸಿನ ಮಿತಿ ಏನು, ಯಾವ ದಾಖಲೆ ಬೇಕು ಎಂಬುದನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಬಿಪಿಎಲ್ ಕಾರ್ಡ್ ಮತ್ತು ಆಧಾರ್ ಕೈಯಲ್ಲಿರಲಿ.

ಅಳತೆಯಿಂದ ಕೈಗೆ ಬರುವವರೆಗೆ

ಹಲ್ಲು ಕಿತ್ತಿದ್ದರೆ ಗಾಯ ಮಾಯಲು ಸಾಮಾನ್ಯವಾಗಿ ಆರರಿಂದ ಎಂಟು ವಾರ, ಕೆಲವೊಮ್ಮೆ ಮೂರು ತಿಂಗಳು ಕಾಯಿಸುತ್ತಾರೆ. ಅಷ್ಟು ದಿನ ಬರಿಬಾಯಲ್ಲಿ ಇರಲಾರೆ ಎನ್ನುವವರಿಗೆ ಕಿತ್ತ ದಿನವೇ ಹಾಕುವ ತಾತ್ಕಾಲಿಕ ಸೆಟ್ಟು ಮಾಡಿಕೊಡಬಹುದು. ಮೂಳೆ ಕರಗಿದಂತೆಲ್ಲ ಅದು ಸಡಿಲವಾಗುತ್ತದೆ, ಕೆಲವು ತಿಂಗಳಲ್ಲಿ ಒಳಮೈ ತುಂಬಿಸಬೇಕು ಅಥವಾ ಹೊಸದು ಮಾಡಿಸಬೇಕು. ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಆಮೇಲೆ ಸಾಮಾನ್ಯವಾಗಿ ಐದಾರು ಭೇಟಿಗಳು. ಮೊದಲನೆಯದರಲ್ಲಿ ಬಾಯಿಯ ಒರಟು ಅಳತೆ ತೆಗೆಯುತ್ತಾರೆ. ತಟ್ಟೆಯಲ್ಲಿ ಮೆತ್ತನೆಯ ವಸ್ತು ತುಂಬಿ ಬಾಯಿಗಿಟ್ಟಾಗ ಓಕರಿಕೆ ಬರುವವರು ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಮೂಗಿನಿಂದ ನಿಧಾನವಾಗಿ ಉಸಿರಾಡಬೇಕು. ಹೊಟ್ಟೆ ತುಂಬ ಉಂಡು ಹೋಗಬೇಡಿ. ಆ ಅಳತೆಯ ಮೇಲೆ ನಿಮ್ಮ ಬಾಯಿಗೇ ಹೊಂದುವ ತಟ್ಟೆಯೊಂದನ್ನು ತಯಾರಿಸಿ, ಎರಡನೆಯ ಭೇಟಿಯಲ್ಲಿ ನಿಖರವಾದ ಅಳತೆ ತೆಗೆಯುತ್ತಾರೆ. ಈ ಸಲ ಕೆನ್ನೆ ಎಳೆಯುತ್ತಾರೆ, ತುಟಿ ಮುಂದಕ್ಕೆ ಚಾಚಿಸುತ್ತಾರೆ, ನಾಲಿಗೆ ಹೊರಚಾಚಲು ಹೇಳುತ್ತಾರೆ. ಸೆಟ್ಟಿನ ಅಂಚು ಎಲ್ಲಿ ನಿಲ್ಲಬೇಕೆಂಬುದು ಈ ಚಲನೆಗಳಿಂದಲೇ ತೀರ್ಮಾನವಾಗುತ್ತದೆ, ಹಾಗಾಗಿ ಸಂಕೋಚಪಡದೆ ಹೇಳಿದಷ್ಟನ್ನೂ ಮಾಡಿ.

ಮೂರನೆಯದು ಮೇಣದ ದಿಂಡುಗಳನ್ನು ಬಾಯಿಗಿಟ್ಟು ಎರಡು ದವಡೆಗಳ ಅಂತರ ಮತ್ತು ಕಚ್ಚುವ ರೀತಿಯನ್ನು ಗುರುತಿಸುವ ಭೇಟಿ. ತುಟಿ ಸೇರಿಸಿ "ಮ್" ಎನ್ನಿಸುತ್ತಾರೆ, ಎಂಜಲು ನುಂಗಿಸುತ್ತಾರೆ. ಆರಾಮವಾಗಿ ಕೂತಾಗ ಮೇಲಿನ ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಬಿಡುವು ಇರಬೇಕು. ಅದಿಲ್ಲದೆ ಹಲ್ಲು ಎತ್ತರವಾದರೆ ಮಾತಾಡುವಾಗ ಟಕಟಕ ಸದ್ದು ಬರುತ್ತದೆ, ದವಡೆ ನೋಯುತ್ತದೆ. ತಗ್ಗಾದರೆ ಮುಖ ಮುದುಡಿದಂತೆ ಕಾಣುತ್ತದೆ, ಬಾಯಿಯ ಮೂಲೆ ಒಡೆಯುತ್ತದೆ. ವರ್ಷಗಟ್ಟಲೆ ಹಲ್ಲಿಲ್ಲದೆ ಇದ್ದವರು ಗದ್ದವನ್ನು ಮುಂದೆ ತಂದು ಅಗಿಯುವುದನ್ನು ರೂಢಿ ಮಾಡಿಕೊಂಡಿರುತ್ತಾರೆ. ವೈದ್ಯರು ಮತ್ತೆ ಮತ್ತೆ ಬಾಯಿ ಮುಚ್ಚಿಸಿ ನೋಡುವುದು ಆ ರೂಢಿಯನ್ನು ದಾಟಿ ಸಹಜ ಕಚ್ಚನ್ನು ಹುಡುಕಲು. ಹಿರಿಯರು ದಣಿದಿದ್ದರೆ ಈ ಭೇಟಿಯನ್ನು ಬೇರೆ ದಿನಕ್ಕೆ ಹಾಕಿಸಿಕೊಳ್ಳಿ.

ನಾಲ್ಕನೆಯ ಭೇಟಿಗೆ ಮನೆಯವರು ಕಡ್ಡಾಯವಾಗಿ ಜೊತೆಗಿರಬೇಕೆಂದು ನಾನು ಒತ್ತಾಯಿಸುತ್ತೇನೆ. ಹಲ್ಲುಗಳನ್ನು ಮೇಣದಲ್ಲಿ ಜೋಡಿಸಿ ಬಾಯಿಗಿಟ್ಟು ತೋರಿಸುವ ದಿನ ಇದು. ಮೇಣವಾಗಿರುವಾಗ ಯಾವ ಹಲ್ಲನ್ನಾದರೂ ಕದಲಿಸಬಹುದು, ಬಣ್ಣ ಬದಲಿಸಬಹುದು. ಗಟ್ಟಿ ಅಕ್ರಿಲಿಕ್ ಆದ ಮೇಲೆ ಆಗುವುದಿಲ್ಲ. ಹಳೆಯ ಫೋಟೊವೊಂದನ್ನು ಒಯ್ಯಿರಿ: ಹಲ್ಲು ಕಾಣುವಂತೆ ನಕ್ಕಿರುವುದು, ಹಲ್ಲಿದ್ದ ಕಾಲದ್ದು. ಕನ್ನಡಿ ಕೇಳಿ, ಹಿಂದಕ್ಕೆ ಹಿಡಿದು ಪೂರ್ತಿ ಮುಖ ನೋಡಿಕೊಳ್ಳಿ. ನಗಿರಿ, ಮಾತಾಡಿ, "ಸಾಸಿವೆ", "ಫಲ", "ತಾತ" ಎಂದು ಹೇಳಿ ನೋಡಿ. ಮೇಲಿನ ಬಾಚಿಹಲ್ಲುಗಳು ಉದ್ದವಾದರೆ, ಗಿಡ್ಡವಾದರೆ, ತೀರಾ ಹೊರಗೆ ಬಂದರೆ ಈ ಅಕ್ಷರಗಳು ತೊಡರುತ್ತವೆ. ಎಪ್ಪತ್ತರ ಮುಖಕ್ಕೆ ಸುಣ್ಣದಂತೆ ಬೆಳ್ಳಗಿರುವ ಸಾಲು ಹಲ್ಲು ಒಪ್ಪುವುದಿಲ್ಲ. ತುಸು ಹಳದಿಯ ಛಾಯೆ, ಒಂದೆರಡು ಹಲ್ಲಿನ ಸಣ್ಣ ಓರೆ ಸಹಜವಾಗಿ ಕಾಣುತ್ತದೆ. ಹಿರಿಯರು "ನಿಮಗೆ ಹೇಗೆ ಕಂಡರೆ ಹಾಗೆ" ಎಂದು ಸುಮ್ಮನಾಗುತ್ತಾರೆ. ಅವರಿಂದಲೇ ಅಭಿಪ್ರಾಯ ಹೊರಡಿಸಿ, ಏಕೆಂದರೆ ಹಾಕಿಕೊಳ್ಳಬೇಕಾದವರು ಅವರು.

ಒಪ್ಪಿಗೆಯಾದ ಮೇಲೆ ಪ್ರಯೋಗಾಲಯದಲ್ಲಿ ಮೇಣವನ್ನು ಕರಗಿಸಿ, ಆ ಜಾಗಕ್ಕೆ ಅಕ್ರಿಲಿಕ್ ತುಂಬಿ ಬಿಸಿನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಿ, ಅರೆದು, ಹೊಳಪು ಕೊಡುತ್ತಾರೆ.

ಮೊದಲ ತಿಂಗಳು

ಹಾಕಿಕೊಂಡ ತಕ್ಷಣ ಬಾಯಿ ತುಂಬಿದಂತೆ ಅನ್ನಿಸುತ್ತದೆ. ಎಂಜಲು ಸುರಿಯುತ್ತದೆ, ಏಕೆಂದರೆ ಬಾಯಿ ಅದನ್ನು ತುತ್ತೆಂದೇ ತಿಳಿಯುತ್ತದೆ. ಇದು ಕೆಲವು ದಿನಗಳಲ್ಲಿ ಇಳಿಯುತ್ತದೆ. ಉಗುಳುತ್ತಾ ಇರಬೇಡಿ, ನುಂಗಿ. ಮಾತು ತೊದಲುತ್ತದೆ. ಇದಕ್ಕೆ ದಿನವೂ ಸ್ವಲ್ಪ ಹೊತ್ತು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದಕ್ಕಿಂತ ಒಳ್ಳೆಯ ಮದ್ದಿಲ್ಲ. ಓದು ಬಾರದವರು ಹಾಡಿಕೊಳ್ಳಲಿ, ದೇವರನಾಮ ಹೇಳಿಕೊಳ್ಳಲಿ, ಮೊಮ್ಮಕ್ಕಳಿಗೆ ಕಥೆ ಹೇಳಲಿ.

ಊಟಕ್ಕೆ ನಮ್ಮ ಅಡುಗೆಮನೆಯೇ ನೆರವಾಗುತ್ತದೆ. ಮೊದಲ ಕೆಲವು ದಿನ ಗಂಜಿ, ಮೆತ್ತಗೆ ಕಲೆಸಿದ ಅನ್ನ, ಇಡ್ಲಿ, ಉಪ್ಪಿಟ್ಟು, ಬಸಿದ ಸೊಪ್ಪು, ಬೆಂದ ಬೇಳೆ. ರಾಗಿಮುದ್ದೆಯನ್ನಂತೂ ಹೇಗೂ ಅಗಿಯುವುದಿಲ್ಲ. ಉತ್ತರ ಕರ್ನಾಟಕದವರಿಗೆ ಕಟಕಟಿ ಜೋಳದ ರೊಟ್ಟಿ ತಡವಾಗಲಿ. ಮೆತ್ತನೆಯ ಬಿಸಿರೊಟ್ಟಿಯನ್ನು ಪಲ್ಯ ಸಾರಿನಲ್ಲಿ ನೆನೆಸಿ ತಿನ್ನಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು, ತುತ್ತು ಚಿಕ್ಕದಾಗಿರಲಿ ಮತ್ತು ಎರಡೂ ಕಡೆ ಒಟ್ಟಿಗೆ ಅಗಿಯಿರಿ. ಹುಟ್ಟುಹಲ್ಲಿನಲ್ಲಿ ನಾವು ಒಂದೇ ಕಡೆ ಅಗಿಯುತ್ತೇವೆ. ಕಟ್ಟುಹಲ್ಲಿನಲ್ಲಿ ಹಾಗೆ ಮಾಡಿದರೆ ಇನ್ನೊಂದು ಕಡೆ ಎದ್ದುಬರುತ್ತದೆ. ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯುವುದೂ ಬೇಡ: ಸೀಬೆಹಣ್ಣು, ಮುಸುಕಿನ ಜೋಳ, ಚಕ್ಕುಲಿ, ಕಬ್ಬು. ಹಣ್ಣನ್ನು ಹೆಚ್ಚಿ ತಿನ್ನಿ. ಎಳ್ಳು ಅಡಿಯಲ್ಲಿ ಸೇರಿದರೆ ಒಂದೇ ಕಾಳು ಊಟವನ್ನೆಲ್ಲ ಕೆಡಿಸುತ್ತದೆ, ಸಂಕ್ರಾಂತಿಯ ಎಳ್ಳುಬೆಲ್ಲ ತಿಂದ ಮೇಲೆ ತೆಗೆದು ತೊಳೆಯಿರಿ. ಅಂಗುಳ ಮುಚ್ಚಿರುವುದರಿಂದ ಕಾಫಿ ಎಷ್ಟು ಬಿಸಿಯಿದೆಯೆಂದು ಮೊದಮೊದಲು ತಿಳಿಯುವುದಿಲ್ಲ, ಗಂಟಲು ಸುಟ್ಟುಕೊಂಡೀತು. ಎಲೆಅಡಿಕೆ ಬಿಡಿಸುವ ಒಳ್ಳೆಯ ಅವಕಾಶವೂ ಇದೇ. ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಂಡರೆ ಹಲ್ಲಿಗೆ ಪೆಟ್ಟಿಲ್ಲ, ನಿಜ, ಆದರೆ ಅಡಿಕೆಯೇ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು.

ಮೊದಲ ವಾರ ಎಲ್ಲೋ ಒಂದು ಕಡೆ ಹುಣ್ಣಾಗುವುದು ಬಹುತೇಕ ಖಚಿತ. ಒತ್ತುವ ಜಾಗವನ್ನು ಗುರುತಿಸಿ ಕೂದಲೆಳೆಯಷ್ಟು ಅರೆದರೆ ಸಾಕು, ನೋವು ಹೋಗುತ್ತದೆ. ಮರುದಿನ ಒಮ್ಮೆ, ವಾರದ ಬಳಿಕ ಒಮ್ಮೆ, ಬೇಕಾದರೆ ಮತ್ತೊಮ್ಮೆ ವೈದ್ಯರು ಬರಹೇಳುವುದು ಇದಕ್ಕಾಗಿಯೇ. ಜನ ತಪ್ಪಿಸುವುದೂ ಈ ಭೇಟಿಗಳನ್ನೇ. ಊರು ದೂರ, ಬಸ್ಸಿಗೆ ಹಣ, ಮಗನಿಗೆ ರಜೆಯಿಲ್ಲ ಎಂಬ ಕಾರಣಗಳೆಲ್ಲ ನಿಜವೇ. ಹಾಗಿದ್ದರೆ ಮೊದಲ ದಿನವೇ ಅದನ್ನು ಹೇಳಿ ಈ ಭೇಟಿಗಳ ದಿನಾಂಕ ನಿಗದಿ ಮಾಡಿಕೊಳ್ಳಿ. ನೋವೆಂದು ಹಲ್ಲು ತೆಗೆದಿಟ್ಟಿದ್ದರೂ ಹೋಗುವ ಮುನ್ನ ಕೆಲವು ಗಂಟೆ ಹಾಕಿಕೊಂಡಿರಿ. ಹುಣ್ಣು ಮಾಯ್ದುಬಿಟ್ಟಿದ್ದರೆ ಎಲ್ಲಿ ಒತ್ತುತ್ತದೆಂದು ವೈದ್ಯರಿಗೆ ಕಾಣುವುದಿಲ್ಲ. ಮನೆಯಲ್ಲಿ ಬ್ಲೇಡು, ಅರ, ಉಜ್ಜುಕಾಗದದಿಂದ ಕೆರೆಯಲು ಹೋಗಬೇಡಿ. ಮುರಿದರೆ ಫೆವಿಕ್ವಿಕ್ ಹಚ್ಚಬೇಡಿ. ತುಂಡುಗಳನ್ನೆಲ್ಲ ಕೂಡಿಸಿ ಒಯ್ದರೆ ಪ್ರಯೋಗಾಲಯದಲ್ಲಿ ಸರಿಯಾಗಿ ಬೆಸೆಯುತ್ತಾರೆ.

ಹಿಡಿತಕ್ಕೆಂದು ಅಂಗಡಿಯಲ್ಲಿ ಸಿಗುವ ಅಂಟು ಅಥವಾ ಪುಡಿಯನ್ನು ಸ್ವಲ್ಪ ಬಳಸುವುದರಲ್ಲಿ ತಪ್ಪಿಲ್ಲ. ಮಿತಿಮೀರಿ ಹಚ್ಚಬೇಕಾಗಿ ಬಂದರೆ ಸೆಟ್ಟೇ ಸರಿಯಾಗಿ ಕೂರುತ್ತಿಲ್ಲ ಎಂದರ್ಥ. ಸತು ಇರುವ ಅಂಟನ್ನು ಬಹುಕಾಲ ವಿಪರೀತವಾಗಿ ಬಳಸಿ ನರಗಳ ತೊಂದರೆಗೆ ಒಳಗಾದವರಿದ್ದಾರೆ, ಆದ್ದರಿಂದ ಸತು ಇಲ್ಲದ್ದನ್ನು ಕೇಳಿ. ಕೆಲವರಿಗೆ ಬಾಯಿ ಒಣಗುವುದರಿಂದಲೇ ಹಲ್ಲು ನಿಲ್ಲುವುದಿಲ್ಲ. ಅಲರ್ಜಿ, ಖಿನ್ನತೆ, ರಕ್ತದೊತ್ತಡದ ಕೆಲವು ಮಾತ್ರೆಗಳು ಎಂಜಲನ್ನು ಕಡಿಮೆ ಮಾಡುತ್ತವೆ. ನುಂಗುವ ಮಾತ್ರೆಗಳ ಚೀಟಿಯನ್ನು ದಂತವೈದ್ಯರಿಗೂ ತೋರಿಸಿ.

ರಾತ್ರಿ ತೆಗೆಯಿರಿ, ನೀರಿನಲ್ಲಿಡಿ

ಇದೊಂದು ಮಾತನ್ನು ಎಷ್ಟು ಹೇಳಿದರೂ ಕಡಿಮೆ. ದಿನವಿಡೀ ಒತ್ತಡದಲ್ಲಿದ್ದ ವಸಡಿಗೆ ರಾತ್ರಿಯ ಬಿಡುವು ಬೇಕು. ಹಾಕಿಕೊಂಡೇ ಮಲಗುವವರಲ್ಲಿ ಅಂಗುಳ ಕೆಂಪಗಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆಯುವುದು ಹೆಚ್ಚು, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಹೆಚ್ಚು. ಜಪಾನಿನಲ್ಲಿ 85 ದಾಟಿದ ಹಿರಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಟ್ಟುಹಲ್ಲು ಹಾಕಿಕೊಂಡು ಮಲಗುವವರಿಗೆ ನ್ಯುಮೋನಿಯಾ ಬರುವ ಸಂಭವ ಸುಮಾರು ಎರಡು ಪಟ್ಟು ಎಂದು ಕಂಡುಬಂತು.

ಪ್ರತಿ ಊಟದ ಬಳಿಕ ತೆಗೆದು ನೀರಿನಲ್ಲಿ ತೊಳೆಯಿರಿ. ದಿನಕ್ಕೊಮ್ಮೆಯಾದರೂ ಮೆತ್ತನೆಯ ಬ್ರಶ್ಶಿನಿಂದ, ಸೌಮ್ಯವಾದ ಸೋಪು ಹಾಕಿ ಒಳಗೂ ಹೊರಗೂ ಉಜ್ಜಿ. ಹಲ್ಲುಪುಡಿ, ಇದ್ದಿಲು, ಉಪ್ಪು, ಬೂದಿ ಬೇಡವೇ ಬೇಡ. ಸಾಮಾನ್ಯ ಟೂತ್‌ಪೇಸ್ಟೂ ಅಕ್ರಿಲಿಕ್ಕನ್ನು ಗೀರುತ್ತದೆ, ಆ ಗೀರುಗಳಲ್ಲೇ ಕೊಳೆ ಕೂರುತ್ತದೆ. ಕುದಿಯುವ ನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ ಅಥವಾ ಮಡಿಸಿದ ಟವೆಲ್ ಇರಲಿ, ಏಕೆಂದರೆ ಎಷ್ಟೋ ಸೆಟ್ಟುಗಳು ಮುರಿಯುವುದು ಬಚ್ಚಲಿನ ನೆಲಕ್ಕೆ ಬಿದ್ದು. ರಾತ್ರಿ ತಣ್ಣೀರಿನಲ್ಲಿ ಮುಳುಗಿಸಿಡಿ, ಒಣಗಲು ಬಿಡಬೇಡಿ. ವಸಡು, ಅಂಗುಳ, ನಾಲಿಗೆಯನ್ನು ಒದ್ದೆ ಬಟ್ಟೆಯಿಂದ ನಿಧಾನವಾಗಿ ಒರೆಸಿ.

ಮತ್ತೆ ವೈದ್ಯರ ಬಳಿಗೆ ಯಾವಾಗ

ವರ್ಷಕ್ಕೊಮ್ಮೆ, ನೋವಿಲ್ಲದಿದ್ದರೂ. ದವಡೆ ಬದಲಾಗುತ್ತಿರುತ್ತದೆ, ಹಲ್ಲು ಬದಲಾಗುವುದಿಲ್ಲ. ಸಡಿಲವಾದಾಗ ಒಳಮೈಗೆ ಹೊಸ ಪದರ ಹಾಕಿ ಕೂರಿಸಬಹುದು. ಐದರಿಂದ ಹತ್ತು ವರ್ಷದೊಳಗೆ ಹೊಸ ಸೆಟ್ಟಿನ ಯೋಚನೆ ಮಾಡಬೇಕಾಗುತ್ತದೆ. ಇಪ್ಪತ್ತು ವರ್ಷದ ಹಳೆಯ ಸೆಟ್ಟನ್ನೇ ಹೆಮ್ಮೆಯಿಂದ ಹಾಕುವವರ ಬಾಯಲ್ಲಿ, ಅಂಚು ಒತ್ತಿ ಒತ್ತಿ ಮಾಂಸ ಮಡಿಕೆಯಂತೆ ಬೆಳೆದಿರುವುದುಂಟು. ಹಲ್ಲು ತೆಗೆದಿಟ್ಟು ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಕಂಡರೆ ಒಂದು ದಿನವೂ ತಡಮಾಡಬೇಡಿ.

ಮರೆವಿನ ಕಾಯಿಲೆಯಿರುವ ಹಿರಿಯರು ಮನೆಯಲ್ಲಿದ್ದರೆ ಅಥವಾ ಅವರು ವೃದ್ಧಾಶ್ರಮದಲ್ಲಿದ್ದರೆ, ಮಾಡಿಸುವಾಗಲೇ ಅಕ್ರಿಲಿಕ್ಕಿನೊಳಗೆ ಹೆಸರು ಬರೆಸಿ. ಪ್ರಯೋಗಾಲಯದವರು ಮಾಡಿಕೊಡುತ್ತಾರೆ. ಊಟದ ತಟ್ಟೆಯಲ್ಲಿ, ದಿಂಬಿನಡಿಯಲ್ಲಿ, ಕಾಗದದಲ್ಲಿ ಸುತ್ತಿಟ್ಟು ಕಸದ ಬುಟ್ಟಿಯಲ್ಲಿ ಹಲ್ಲು ಕಳೆದುಹೋಗುವುದು ಸಾಮಾನ್ಯ. ಆಸ್ಪತ್ರೆಗೆ ಸೇರಿಸುವಾಗ ಮುಚ್ಚಳವಿರುವ, ಹೆಸರು ಬರೆದ ಡಬ್ಬಿ ಕೊಟ್ಟು ಕಳಿಸಿ, ಕಟ್ಟುಹಲ್ಲು ಇದೆಯೆಂದು ನರ್ಸ್‌ಗೆ ತಿಳಿಸಿ. ಅರಿವಳಿಕೆ ಕೊಡುವ ಮುನ್ನ ಅದನ್ನು ತೆಗೆಯಬೇಕಾಗುತ್ತದೆ. ಎಚ್ಚರಗೊಂಡು ಊಟ ಶುರುವಾಗುವ ದಿನ ತೊಳೆದು ಮರಳಿ ಹಾಕಿಕೊಡುವುದನ್ನು ಜೊತೆಗಿರುವವರು ನೆನಪಿಡಬೇಕು.